ಹೊತ್ತಿಕೊಳ್ಳದ ಹಳೇ ಗೀಸರ್ ಏನೋ ಹೇಳುತ್ತಿದೆ, ಕೇಳಿಸಿಕೊಳ್ಳಿ

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ತಾಲ್ಲೂಕು ಪೇಟೆಯ ಗ್ಯಾಸ್ ಒಲೆ ರಿಪೇರಿ ಅಂಗಡಿಗಳಲ್ಲಿ ಒಂದೇ ಮಾತು. "ಅಣ್ಣಾ, ಗೀಸರ್ ಹತ್ತುತ್ತಿಲ್ಲ, ಸ್ವಲ್ಪ ಬಂದು ನೋಡಿ."

ಬೇಸಿಗೆಯಿಡೀ ಗೋಡೆಯ ಮೇಲೆ ಸುಮ್ಮನೆ ನೇತಾಡಿಕೊಂಡಿದ್ದ ಗ್ಯಾಸ್ ಗೀಸರ್, ಬಿಸಿನೀರು ಬೇಕೇ ಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಬೆಂಕಿ ಬರುವುದಿಲ್ಲ. ಇಲ್ಲವೇ ಬೆಂಕಿ ಬರುತ್ತದೆ, ಮೂರು ಎಣಿಸುವಷ್ಟರಲ್ಲಿ ಆರುತ್ತದೆ. ಮಕ್ಕಳಿಗೆ ಶಾಲೆಗೆ ಹೊತ್ತಾಯಿತು, ಅಜ್ಜನ ಸ್ನಾನ ಆಗಿಲ್ಲ, ಡೇರಿಗೆ ಹಾಲು ಹಾಕಬೇಕು. ಅಂಥ ಹೊತ್ತಲ್ಲಿ ಮನೆಯ ಯಾರೋ ಒಬ್ಬರು ಬೆಂಕಿಪೊಟ್ಟಣ ಹಿಡಿದು ಗೀಸರ್ ಮುಂದೆ ನಿಲ್ಲುತ್ತಾರೆ.

ಈ ಬರಹ ಅವರಿಗಾಗಿ.

ನಾವು ಹೇಳಬೇಕೆಂದಿರುವುದು ಇಷ್ಟೇ: ಹಳೇ ಗೀಸರ್ ಹೊತ್ತಿಕೊಳ್ಳದೇ ಇರುವುದು ಬಹಳ ಸಲ ಅದರ ಹಟವಲ್ಲ, ಅದರ ಎಚ್ಚರಿಕೆ. ಮನೆಯಲ್ಲೇ ನೋಡಬಹುದಾದ ನಾಲ್ಕೈದು ಸಂಗತಿಗಳಿವೆ, ಅವನ್ನು ಧೈರ್ಯವಾಗಿ ನೋಡಿ. ಆಮೇಲೂ ಹತ್ತದಿದ್ದರೆ ಬಲವಂತ ಮಾಡಬೇಡಿ. ಬಲವಂತವಾಗಿ ಹೊತ್ತಿಸಿದ ಹಳೇ ಗೀಸರ್, ಹೊತ್ತದ ಗೀಸರ್‌ಗಿಂತ ಎಷ್ಟೋ ಪಾಲು ಕೆಟ್ಟದ್ದು. ಹೊತ್ತದಿದ್ದರೆ ಒಂದು ದಿನ ತಣ್ಣೀರು ಸ್ನಾನ. ತಪ್ಪಾಗಿ ಹೊತ್ತಿದರೆ ಮನೆಯವರ ಜೀವವೇ ಹೋಗಬಹುದು.

ಒಳಗೆ ನಡೆಯುವುದೇನು?

ಸಮಸ್ಯೆ ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಡಬ್ಬಿಯೊಳಗೆ ಏನು ನಡೆಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಇದೇನೂ ರಾಕೆಟ್ ವಿದ್ಯೆಯಲ್ಲ.

ನಮ್ಮ ಮನೆಗಳಲ್ಲಿರುವ ಸಣ್ಣ ಗ್ಯಾಸ್ ಗೀಸರ್‌ಗಳಿಗೆ ಕರೆಂಟ್ ಬೇಕಿಲ್ಲ. ಕೆಳಗೆ ಎರಡು ದಪ್ಪ ಸೆಲ್ ಹಾಕಿರುತ್ತಾರೆ. ನೀವು ಬಿಸಿನೀರಿನ ನಲ್ಲಿ ತಿರುಗಿಸಿದಾಗ ನೀರು ಒಳಗೆ ಹರಿಯುತ್ತದೆ. ಆ ನೀರಿನ ಒತ್ತಡ ಒಂದು ರಬ್ಬರ್ ಹಾಳೆಯನ್ನು ತಳ್ಳುತ್ತದೆ. ರಬ್ಬರ್ ಹಾಳೆ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಸ್ವಿಚ್ ಒತ್ತಿದೊಡನೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಟಿಕ್ ಟಿಕ್ ಅಂತ ಕಿಡಿ ಹಾರುತ್ತದೆ, ಗ್ಯಾಸಿನ ವಾಲ್ವ್ ತೆರೆದುಕೊಳ್ಳುತ್ತದೆ. ಬರ್ನರ್ ಹೊತ್ತಿಕೊಳ್ಳುತ್ತದೆ.

ಬರ್ನರ್ ಹತ್ತಿರ ಇನ್ನೊಂದು ಕಡ್ಡಿ ಇರುತ್ತದೆ. ಅದು ಕಾವಲುಗಾರ. ಬೆಂಕಿ ಇದೆಯೋ ಇಲ್ಲವೋ ಅಂತ ನೋಡುವುದೇ ಅದರ ಕೆಲಸ. ಕೆಲವು ಸೆಕೆಂಡುಗಳಲ್ಲಿ ಬೆಂಕಿ ಕಾಣದಿದ್ದರೆ ಗ್ಯಾಸನ್ನು ಬಂದ್ ಮಾಡಿಸುತ್ತದೆ. ನೀರು ವಿಪರೀತ ಕಾದರೆ ನಿಲ್ಲಿಸುವ ಇನ್ನೊಂದು ಕಾವಲು ಇರುತ್ತದೆ. ಕೆಲವು ಗೀಸರ್‌ಗಳಲ್ಲಿ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಬೆಂಕಿ ಆರಿಸುವ ವ್ಯವಸ್ಥೆಯೂ ಇದೆ. ಹಲವು ಗೀಸರ್‌ಗಳು ಇಪ್ಪತ್ತು ನಿಮಿಷ ಒಂದೇ ಸಮನೆ ಉರಿದರೆ ತಾವಾಗಿಯೇ ನಿಲ್ಲುತ್ತವೆ. ಅದು ಕೆಟ್ಟಿದ್ದಲ್ಲ, ಹಾಗೆಯೇ ಮಾಡಿದ್ದು.

ಅಂದರೆ ಗೀಸರ್ ಹೊತ್ತಿಕೊಳ್ಳಬೇಕಾದರೆ ನೀರು, ಸೆಲ್, ಗ್ಯಾಸ್, ಗಾಳಿ ಈ ನಾಲ್ಕೂ ಸರಿ ಇರಬೇಕು. ಒಂದು ತಪ್ಪಿದರೂ ಅದು "ಆಗಲ್ಲ" ಅನ್ನುತ್ತದೆ. ಹಾಗನ್ನಲೆಂದೇ ಅದನ್ನು ಮಾಡಿರುವುದು.

ಮನೆಯಲ್ಲೇ ನೋಡಬಹುದಾದದ್ದು

ಮೊದಲು ಬಾಗಿಲು, ಕಿಟಕಿ ತೆರೆಯಿರಿ. ಮೂಗಿಗೆ ಗ್ಯಾಸಿನ ವಾಸನೆ ಬಡಿಯುತ್ತಿದೆಯೇ ನೋಡಿ. ವಾಸನೆ ಇದ್ದರೆ ಮುಂದಿನದು ಯಾವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಲೈಟಿನ ಸ್ವಿಚ್ ಮುಟ್ಟದೆ ಹೊರಗೆ ಬನ್ನಿ, 1906ಕ್ಕೆ ಫೋನ್ ಮಾಡಿ. ಅದು ಅಡುಗೆ ಅನಿಲ ಸೋರಿಕೆಗೆಂದೇ ದೇಶಕ್ಕೆಲ್ಲ ಇರುವ ಸಹಾಯವಾಣಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದಲ್ಲಿ, ಬಚ್ಚಲ ಮೋರಿಯಲ್ಲಿ ತುಂಬಿಕೊಳ್ಳುತ್ತದೆ. ನಿಂತವರ ಮೂಗಿಗೆ ಬರುವ ಹೊತ್ತಿಗೆ ಕಾಲ ಬುಡದಲ್ಲಿ ಸಾಕಷ್ಟು ಸೇರಿರಬಹುದು.

ವಾಸನೆ ಇಲ್ಲದಿದ್ದರೆ ಗೀಸರ್ ಹೇಗೆ ಕೈಕೊಡುತ್ತಿದೆ ಅಂತ ಗಮನಿಸಿ. ಕಾರಣದ ಸುಳಿವು ಅಲ್ಲೇ ಇರುತ್ತದೆ.

ಟಿಕ್ ಟಿಕ್ ಸದ್ದೇ ಇಲ್ಲವೇ? ಹಾಗಿದ್ದರೆ ಸೆಲ್ ಇಲ್ಲವೇ ನೀರಿನ ತೊಂದರೆ. ಎರಡೂ ಸೆಲ್ ತೆಗೆದು ಹೊಸದು ಹಾಕಿ. ಒಂದು ಹಳೆಯದು ಒಂದು ಹೊಸದು ಬೆರೆಸಬೇಡಿ. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಒಣಬಟ್ಟೆಯಿಂದ ಉಜ್ಜಿ. ಬೇಸಿಗೆಯಿಡೀ ಸೆಲ್ ಒಳಗೇ ಬಿಟ್ಟ ಮನೆಗಳಲ್ಲಿ ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಸೆಲ್ ಹೊಸದಾದರೂ ಸದ್ದಿಲ್ಲವೇ? ನೀರು ನೋಡಿ. ಟ್ಯಾಂಕ್ ಬಚ್ಚಲುಮನೆಯ ತಲೆಯ ಮೇಲೇ ಕೂತಿದ್ದರೆ, ಅಥವಾ ಟ್ಯಾಂಕಿನಲ್ಲಿ ನೀರು ತಳ ಮುಟ್ಟಿದ್ದರೆ, ರಬ್ಬರ್ ಹಾಳೆಯನ್ನು ತಳ್ಳುವಷ್ಟು ಒತ್ತಡ ಬರುವುದಿಲ್ಲ. ಬಕೆಟ್‌ಗೆ ಬಿಡುವಾಗ ಹತ್ತಿದ ಗೀಸರ್ ಷವರ್ ಹಾಕಿದರೆ ಆರುವುದು ಇದೇ ಕಾರಣಕ್ಕೆ. ನೀರು ಒಳಬರುವ ಕಡೆ ಒಂದು ಸಣ್ಣ ಜಾಲರಿ ಇರುತ್ತದೆ. ನೀರು ಬಂದ್ ಮಾಡಿ ಪೈಪ್ ಬಿಚ್ಚಿದರೆ ಅದು ಕೈಗೆ ಸಿಗುತ್ತದೆ. ಮರಳು, ತುಕ್ಕು, ಪಾಚಿ ಕಟ್ಟಿಕೊಂಡಿದ್ದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಹಾಕಿ.

ಬಯಲುಸೀಮೆಯವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರು ಗಡಸಾಗಿದ್ದರೆ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನೋಡಿದ್ದೀರಿ. ಅದೇ ಸುಣ್ಣ ಗೀಸರ್‌ನ ಸಣ್ಣ ತಾಮ್ರದ ಕೊಳವೆಯೊಳಗೂ ಕಟ್ಟುತ್ತದೆ. ವರ್ಷ ವರ್ಷವೂ ದಾರಿ ಕಿರಿದಾಗುತ್ತದೆ, ನೀರು ಸಣ್ಣಗಾಗುತ್ತದೆ, ಕೊನೆಗೊಂದು ದಿನ ಗೀಸರ್ ಹೊತ್ತಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಸುಣ್ಣ ತೆಗೆಯುವುದು ಮೆಕ್ಯಾನಿಕ್ ಕೆಲಸ, ಮನೆಯಲ್ಲಿ ಆ್ಯಸಿಡ್ ಸುರಿಯುವ ಸಾಹಸ ಬೇಡ.

ಟಿಕ್ ಟಿಕ್ ಬರುತ್ತದೆ, ಬೆಂಕಿ ಬರುವುದಿಲ್ಲವೇ? ಆಗ ಗ್ಯಾಸ್ ಬರುತ್ತಿಲ್ಲ ಅಂತ ಅರ್ಥ. ಸಿಲಿಂಡರ್ ಖಾಲಿಯಾಗಿದೆಯೋ, ರೆಗ್ಯುಲೇಟರ್ ಸರಿಯಾಗಿ ಕೂತಿದೆಯೋ, ಪೈಪ್ ಎಲ್ಲಾದರೂ ಮಡಚಿದೆಯೋ ನೋಡಿ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಒಂದೆರಡು ಸಲ ಆದಮೇಲೆ ಹತ್ತಬಹುದು. ಒಂದೇ ಸಿಲಿಂಡರ್‌ಗೆ ಟಿ ಹಾಕಿ ಒಲೆಗೂ ಗೀಸರ್‌ಗೂ ಕೊಟ್ಟಿರುವ ಮನೆಗಳಲ್ಲಿ ಎರಡೂ ಒಟ್ಟಿಗೆ ಉರಿದರೆ ಒತ್ತಡ ಸಾಲದೆ ಹೋಗುತ್ತದೆ. ಮಲೆನಾಡು, ಕೊಡಗಿನ ಕೊರೆಯುವ ಬೆಳಗಿನಲ್ಲಿ ಮುಗಿಯುತ್ತಾ ಬಂದ ಸಿಲಿಂಡರ್‌ನ ಒತ್ತಡ ಇನ್ನೂ ಇಳಿಯುತ್ತದೆ. ಇಲ್ಲಿ ಸೆಲ್‌ನ ಪಾತ್ರವೂ ಇದೆ. ಸೆಲ್ ನಿತ್ರಾಣವಾಗಿದ್ದರೆ ಕಿಡಿ ಹಾರಿಸುವ ಶಕ್ತಿ ಉಳಿದಿರುತ್ತದೆ, ವಾಲ್ವ್ ಎಳೆಯುವ ಶಕ್ತಿ ಇರುವುದಿಲ್ಲ.

ಹತ್ತಿ, ಕೂಡಲೇ ಆರುತ್ತದೆಯೇ? ಕಾವಲುಗಾರ ಕಡ್ಡಿಗೆ ಮಸಿ ಹಿಡಿದು ಬೆಂಕಿ ಕಾಣದೇ ಹೋಗಿರಬಹುದು. ಗ್ಯಾಸ್ ಸಾಲದಿರಬಹುದು. ಇಲ್ಲವೇ ಕೋಣೆಯಲ್ಲಿ ಗಾಳಿಯೇ ಸಾಲದಿರಬಹುದು. ಕಿಟಕಿ ತೆರೆದಾಗ ಸರಿಯಾಗಿ ಉರಿದು, ಮುಚ್ಚಿದಾಗ ಆರುತ್ತದೆ ಅಂದರೆ ಅದಕ್ಕಿಂತ ಸ್ಪಷ್ಟವಾಗಿ ಒಂದು ಯಂತ್ರ ಮಾತಾಡಲಾರದು.

"ಢಬ್" ಅಂತ ಸದ್ದು ಮಾಡಿ ಹೊತ್ತಿಕೊಳ್ಳುತ್ತದೆಯೇ? ಅಂದರೆ ಗ್ಯಾಸ್ ಮೊದಲು ಬಂದು ತುಂಬಿಕೊಂಡು, ಕಿಡಿ ತಡವಾಗಿ ತಾಗುತ್ತಿದೆ. ಇವತ್ತೇ ಬಳಸುವುದು ನಿಲ್ಲಿಸಿ. ಬೆಂಕಿ ನೀಲಿ ಇರುವುದು ಬಿಟ್ಟು ಹಳದಿಯಾಗಿದ್ದರೆ, ಡಬ್ಬಿಯ ಮೇಲ್ಭಾಗ, ಗೋಡೆ ಕಪ್ಪಾಗಿದ್ದರೆ, ಆಗಲೂ ಅಷ್ಟೇ. ಬರ್ನರ್ ಕೊಳವೆಯಲ್ಲಿ ಜೇಡ ಬಲೆ ಕಟ್ಟಿದರೂ, ಧೂಳು ಕೂತರೂ, ಮೇಲಿನ ತಾಮ್ರದ ರೆಕ್ಕೆಗಳ ಸಂದಿನಲ್ಲಿ ಮಸಿ ತುಂಬಿದರೂ ಹೀಗಾಗುತ್ತದೆ.

ಇಷ್ಟು ನೋಡಿ, ಮೂರು ಸಲ ಪ್ರಯತ್ನಿಸಿ. ಒಂದೊಂದು ಪ್ರಯತ್ನದ ನಡುವೆ ಗ್ಯಾಸ್ ಹೋಗಲು ಐದು ನಿಮಿಷ ಬಿಡಿ. ನಾಲ್ಕನೇ ಸಲ ಬೇಡ. ರೆಗ್ಯುಲೇಟರ್ ಬಂದ್ ಮಾಡಿ ಒಲೆಯ ಮೇಲೆ ಒಂದು ಪಾತ್ರೆ ನೀರಿಡಿ. ಅವತ್ತಿನ ಸ್ನಾನ ಅದರಲ್ಲಾಗಲಿ.

ಮಾಡಲೇಬಾರದ್ದು

ನಮ್ಮೂರುಗಳಲ್ಲಿ ಜಾಣತನಕ್ಕೇನೂ ಕೊರತೆಯಿಲ್ಲ. ಕೆಟ್ಟ ಪಂಪ್‌ಸೆಟ್ಟನ್ನು ತಂತಿ ಕಟ್ಟಿ ಓಡಿಸುವವರು, ಹಳೇ ಲೂನಾವನ್ನು ಸೀಮೆಎಣ್ಣೆಯಲ್ಲಿ ಓಡಿಸಿದವರು ನಾವು. ಆ ಜಾಣತನದ ಬಗ್ಗೆ ನಮಗೆ ಹೆಮ್ಮೆಯೂ ಇದೆ. ಆದರೆ ಗ್ಯಾಸ್ ವಿಷಯದಲ್ಲಿ ಆ ಜಾಣತನ ನಮ್ಮನ್ನೇ ತಿನ್ನುತ್ತದೆ.

ಕಡ್ಡಿ ಗೀರಿ ಹೊತ್ತಿಸಬೇಡಿ. ಕಿಡಿಯಿಂದ ಹತ್ತದ ಗ್ಯಾಸ್ ಅಷ್ಟು ಹೊತ್ತು ಎಲ್ಲಿ ಹೋಗಿತ್ತು ಅನ್ನುವುದು ಕಡ್ಡಿ ಗೀರಿದಾಗಲೇ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ.

ಕಾವಲುಗಾರ ತಂತಿಯನ್ನು ನೇರವಾಗಿ ಸೇರಿಸಿ "ಡೈರೆಕ್ಟ್" ಮಾಡಿಸಬೇಡಿ. ಪದೇ ಪದೇ ಆರುವ ಗೀಸರ್‌ಗೆ ಇದು ಬಹಳ ಸುಲಭದ ಮದ್ದು. ಐದು ನಿಮಿಷದ ಕೆಲಸ, ಗೀಸರ್ ಮತ್ತೆ ಆರುವುದೇ ಇಲ್ಲ, ಗಿರಾಕಿಗೂ ಖುಷಿ. ಆದರೆ ಅದು ಮನೆ ಕಾಯುವ ನಾಯಿ ಬೊಗಳುತ್ತದೆ ಅಂತ ಅದರ ಬಾಯಿ ಕಟ್ಟಿದ ಹಾಗೆ. ಕಳ್ಳ ಬರುವುದು ನಿಂತಿಲ್ಲ, ಬೊಗಳುವುದು ಮಾತ್ರ ನಿಂತಿದೆ.

ಜೆಟ್ ತೂತಿಗೆ ಸೂಜಿ ಹಾಕಿ ದೊಡ್ಡದು ಮಾಡಬೇಡಿ. ಉರಿ ಜಾಸ್ತಿಯಾದಂತೆ ಕಾಣುತ್ತದೆ, ನಿಜ. ಆದರೆ ಹೆಚ್ಚಾದ ಗ್ಯಾಸಿಗೆ ಬೇಕಾದ ಗಾಳಿ ಸಿಗದೆ ಹಳದಿ ಬೆಂಕಿ, ಮಸಿ, ವಿಷಗಾಳಿ ಹೆಚ್ಚಾಗುತ್ತವೆ. ಹೋಟೆಲ್ ಭಟ್ಟಿಗೆ ಹಾಕುವ ಹೈ ಪ್ರೆಷರ್ ರೆಗ್ಯುಲೇಟರ್ ತಂದು ಮನೆ ಗೀಸರ್‌ಗೆ ಸಿಕ್ಕಿಸುವುದೂ ಇದೇ ಜಾತಿಯ ತಪ್ಪು.

ಗ್ಯಾಸ್ ಸೋರುತ್ತಿದೆಯೇ ಅಂತ ನೋಡಲು ಸೋಪಿನ ನೊರೆ ಸಾಕು. ಪೈಪಿನ ಸಂದಿಗೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ. ಬಿರುಕು ಕಾಣದಿದ್ದರೂ ಐದು ವರ್ಷಕ್ಕೆ ಬದಲಿಸಲೇಬೇಕು. ಅದನ್ನು ಗೋಡೆಯೊಳಗೆ ಹುದುಗಿಸಿ ಮೇಲೆ ಸಿಮೆಂಟ್ ಮೆತ್ತಿದ್ದರೆ ಎಲ್ಲಿ ಸೋರಿದರೂ ನಿಮಗೆ ಕಾಣುವುದಿಲ್ಲ.

ಬಚ್ಚಲೊಲೆಗಿದ್ದ ಬುದ್ಧಿ

ಇನ್ನು ಈ ಬರಹದ ನಿಜವಾದ ಮಾತಿಗೆ ಬರೋಣ.

ನಮ್ಮ ಹಿರಿಯರ ಬಚ್ಚಲುಮನೆ ನೆನಪಿಸಿಕೊಳ್ಳಿ. ಹಂಡೆ, ಅದರ ಕೆಳಗೆ ಒಲೆ. ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಹತ್ತಿಕಡ್ಡಿ, ಯಾವ ಸೀಮೆಯಲ್ಲಿ ಏನು ಸಿಗುತ್ತದೋ ಅದು ಉರಿಯುತ್ತಿತ್ತು. ಹೊಗೆ ಅಂತೂ ವಿಪರೀತ. ಆ ಹೊಗೆಯಲ್ಲೂ ವಿಷಗಾಳಿ ಇತ್ತು, ಹೆಂಗಸರ ಕಣ್ಣು, ಎದೆ ಎರಡನ್ನೂ ಅದು ಹಾಳುಮಾಡಿದೆ. ಹಾಗಾಗಿ ಹಳೆಯದೇ ಚೆನ್ನಾಗಿತ್ತು ಅನ್ನುವ ಮಾತು ನಮ್ಮದಲ್ಲ. ಆದರೆ ಆ ಬಚ್ಚಲಿಗೆ ಹೆಂಚಿನ ಮಾಡು ಇತ್ತು, ಸಂದಿನಲ್ಲಿ ಬೆಳಕೂ ಗಾಳಿಯೂ ಬರುತ್ತಿದ್ದವು. ಎಷ್ಟೋ ಮನೆಗಳಲ್ಲಿ ಬೆಂಕಿ ಹಾಕುವ ಬಾಯಿ ಹೊರಗೇ ಇತ್ತು. ಹೊಗೆ ಜಾಸ್ತಿಯಾದರೆ ಕಣ್ಣುರಿದು ನಾವೇ ಹೊರಗೆ ಓಡುತ್ತಿದ್ದೆವು.

ಈಗ ಮನೆ ತಾರಸಿಯದಾಯಿತು. ಬಚ್ಚಲುಮನೆ ಬಾತ್‌ರೂಮ್ ಆಗಿ ಐದಡಿ ಆರಡಿಗೆ ಬಂತು. ಬಾಗಿಲು ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಬಾಗಿಲು. ಮೇಲಿರುವ ಪುಟ್ಟ ವೆಂಟಿಲೇಟರ್‌ಗೆ ಚಳಿಗಾಳಿ ಬರುತ್ತದೆಂದು ರಟ್ಟು ಹೊಡೆದಿರುತ್ತೇವೆ. ಅದರೊಳಗೆ ಗೀಸರ್ ನೇತು ಹಾಕಿ ಬಾಗಿಲು ಹಾಕಿಕೊಳ್ಳುತ್ತೇವೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಅಡುಗೆ ಒಲೆಯ ದೊಡ್ಡ ಬರ್ನರ್‌ನ ನಾಲ್ಕು ಪಟ್ಟಿನಷ್ಟು ಉರಿಯುತ್ತದೆ. ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ 150 ಗ್ರಾಂ ಗ್ಯಾಸ್. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಸುಮಾರು 2,000 ಲೀಟರ್ ಗಾಳಿಯಲ್ಲಿರುವ ಆಮ್ಲಜನಕ ಬೇಕು. ಐದಡಿ ಆರಡಿ ಅಗಲ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದೇ 6,800 ಲೀಟರ್ ಗಾಳಿ. ಬಾಗಿಲು ಕಿಟಕಿ ಮುಚ್ಚಿದ್ದರೆ ಒಬ್ಬರ ಸ್ನಾನ ಮುಗಿಯುವಷ್ಟರಲ್ಲಿ ಕೋಣೆಯ ಆಮ್ಲಜನಕದಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಖರ್ಚಾಗುತ್ತದೆ. ಅದೇ ಗಾಳಿಯನ್ನು ಉಸಿರಾಡುತ್ತಾ ಒಳಗೆ ನಿಂತಿರುವುದು ನಿಮ್ಮ ಮಗಳೋ, ಬಸುರಿ ಸೊಸೆಯೋ, ವಯಸ್ಸಾದ ಅಪ್ಪನೋ.

ಆಮ್ಲಜನಕ ಕಡಿಮೆಯಾದಷ್ಟೂ ಗ್ಯಾಸ್ ಅರೆಬರೆ ಉರಿಯುತ್ತದೆ. ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಸಿಲಿಂಡರ್ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಆ ವಾಸನೆ ಇರುವುದಿಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಮೈಗೆ ಆಮ್ಲಜನಕ ಸಿಗುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು ಇದರ ಮೊದಲ ಲಕ್ಷಣ. ಕೂಗಬೇಕು ಅನ್ನಿಸುವಷ್ಟರಲ್ಲಿ ಕುಸಿದು ಬಿದ್ದಿರುತ್ತಾರೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಗೀಸರ್ ಇರುವ ಬಾತ್‌ರೂಮಿನಲ್ಲಿ ಹೀಗೆ ಬಿದ್ದವರ ಬಗ್ಗೆ ನಮ್ಮ ದೇಶದ ವೈದ್ಯರೇ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. ಊರಲ್ಲಿ ಮಾತ್ರ ಅದು "ಬಚ್ಚಲಲ್ಲಿ ಜಾರಿ ಬಿದ್ದರು", "ಬಿಪಿ ಲೋ ಆಯಿತು", "ಗಾಳಿ ಸೋಕಿತು" ಆಗಿ ಮುಗಿದುಬಿಡುತ್ತದೆ.

ಹೀಗೆ ಯಾರಾದರೂ ಬಿದ್ದರೆ ಬಾಗಿಲು ತೆರೆದು ಗ್ಯಾಸ್ ನಿಲ್ಲಿಸಿ, ಕೂಡಲೇ ಅವರನ್ನು ಬಯಲಿಗೆ ತನ್ನಿ. ನೀವೂ ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಬಿದ್ದರು" ಅಂತ ಬಿಡಿಸಿ ಹೇಳಿ. ಈ ಒಂದು ವಾಕ್ಯ ಜೀವ ಉಳಿಸಬಹುದು. ಯಾಕೆಂದರೆ ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಅಂತಲೇ ಓದಿ 98, 99 ತೋರಿಸಬಹುದು. "ಆಕ್ಸಿಜನ್ ಚೆನ್ನಾಗಿದೆ, ಏನಿಲ್ಲ" ಅಂತ ಮನೆಯಲ್ಲೇ ಮಲಗಿಸಬೇಡಿ. ಬರೀ ಗಾಳಿಯಲ್ಲಿ ಬಿಟ್ಟರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ.

ಈಗ ಮತ್ತೆ ಹೊತ್ತಿಕೊಳ್ಳದ ಗೀಸರ್‌ಗೆ ಬನ್ನಿ. ಹತ್ತಿ ಹತ್ತಿ ಆರುತ್ತಿದ್ದ ಆ ಹಳೇ ಡಬ್ಬಿ, ಮಸಿ ತುಂಬಿದ್ದಕ್ಕೋ ಗಾಳಿ ಸಾಲದ್ದಕ್ಕೋ ಆರುತ್ತಿತ್ತು. ನಾವು ತಂತಿ ಸೇರಿಸಿ, ಜೆಟ್ ದೊಡ್ಡದು ಮಾಡಿ ಅದನ್ನು "ರಿಪೇರಿ" ಮಾಡಿಸಿದೆವು. ಈಗ ಅದು ಆರುವುದಿಲ್ಲ. ಮಸಿ ಹಾಗೇ ಇದೆ, ಗಾಳಿ ಈಗಲೂ ಸಾಲದು.

ಗೀಸರ್ ಹೊರಗೆ, ನಲ್ಲಿ ಒಳಗೆ

ಪರಿಹಾರ ಕಷ್ಟದ್ದಲ್ಲ. ನೀರು ಹರಿದರೆ ತಾನೇ ಹೊತ್ತಿಕೊಳ್ಳುವ ಯಂತ್ರ ಇದು. ಅದು ನಮ್ಮ ಕಣ್ಣೆದುರೇ ಇರಬೇಕೆಂದಿಲ್ಲ. ಹಿತ್ತಲ ಕಡೆಯ ಗೋಡೆಗೆ, ಮಳೆ ತಾಗದಂತೆ ಸೂರಿನ ಕೆಳಗೆ ಹಾಕಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದರೆ ಸಾಕು. ಒಳಗಿನಿಂದ ನಲ್ಲಿ ತಿರುಗಿಸಿದರೆ ಹೊರಗೆ ಬೆಂಕಿ ಹತ್ತುತ್ತದೆ. ಸಿಲಿಂಡರ್ ಕೂಡ ಹೊರಗೇ ಉಳಿಯುತ್ತದೆ. ಆದರೆ ಬಾತ್‌ರೂಮ್ ಕಿಟಕಿಗೆ ಅಂಟಿಸಿ ಹಾಕಬೇಡಿ. ಒಳಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊರಗಿನ ಹೊಗೆಯನ್ನೇ ಅದು ಒಳಗೆಳೆದುಕೊಳ್ಳಬಹುದು.

ಹೊರಗೆ ಹಾಕಲು ಸಾಧ್ಯವೇ ಇಲ್ಲ ಅನ್ನುವ ಮನೆಗಳಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳಿ. ಬಾಗಿಲು ತೆರೆದಿಟ್ಟು ಬಕೆಟ್‌ಗಳಿಗೆ ಬಿಸಿನೀರು ತುಂಬಿ. ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲಿ. ಆಮೇಲೆ ಸ್ನಾನಕ್ಕೆ ಹೋಗಿ. ಉರಿಯುವ ಗೀಸರ್ ಕೆಳಗೆ ಬಾಗಿಲು ಹಾಕಿಕೊಂಡು ನಿಲ್ಲುವುದು ಬೇಡವೇ ಬೇಡ. ವೆಂಟಿಲೇಟರ್‌ಗೆ ಹೊಡೆದ ರಟ್ಟನ್ನು ಇವತ್ತೇ ಕೀಳಿ.

"ಇಷ್ಟು ವರ್ಷದಿಂದ ಹೀಗೇ ಸ್ನಾನ ಮಾಡಿದ್ದೇವೆ, ಏನೂ ಆಗಿಲ್ಲ" ಅನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಹೊಸ ಗೀಸರ್ ನೀಲಿಯಾಗಿ ಉರಿಯುತ್ತಿತ್ತು, ವೆಂಟಿಲೇಟರ್ ತೆರೆದಿತ್ತು, ಸ್ನಾನ ಬೇಗ ಮುಗಿಯುತ್ತಿತ್ತು. ಈಗ ಗೀಸರ್‌ಗೆ ವಯಸ್ಸಾಗಿದೆ. ನಿನ್ನೆ ಕಾಪಾಡಿದ ಅದೃಷ್ಟವನ್ನು ಇವತ್ತಿನ ಮಸಿ ತಿಂದುಹಾಕಿರುತ್ತದೆ.

ದುಡ್ಡಿನ ಮಾತೂ ಇದೆ. ಹೊಸ ಗೀಸರ್ ಅಂದರೆ ಕೆಲವು ಸಾವಿರ ರೂಪಾಯಿ. ಜೋಳ, ಟೊಮೆಟೊ ರೇಟು ಬಿದ್ದ ವರ್ಷ ಅದು ಸಣ್ಣ ಮಾತಲ್ಲ, ನಮಗೆ ಗೊತ್ತು. ಆದರೆ ಎಲ್ಲ ಹಳೇ ಗೀಸರನ್ನೂ ಎಸೆಯಿರಿ ಅನ್ನುತ್ತಿಲ್ಲ. ರಬ್ಬರ್ ಹಾಳೆ, ಸ್ವಿಚ್, ಕಿಡಿಯ ಕಡ್ಡಿ ಇವೆಲ್ಲ ಬದಲಿಸಬಹುದಾದ ಸಣ್ಣ ಭಾಗಗಳು. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಬಿಚ್ಚಿ ಮಸಿ ತೆಗೆಸಿ ಸುಣ್ಣ ಬಿಡಿಸಿದರೆ ಇನ್ನೂ ಕೆಲವು ವರ್ಷ ಬರುತ್ತದೆ. ಆದರೆ ಡಬ್ಬಿ ತುಕ್ಕು ತಿಂದು ತೂತಾಗಿದ್ದರೆ, ತಾಮ್ರದ ಕೊಳವೆ ಸೋರುತ್ತಿದ್ದರೆ, ಸ್ವಚ್ಛ ಮಾಡಿಸಿದ ಮೇಲೂ ಬೆಂಕಿ ಹಳದಿಯಾಗಿಯೇ ಇದ್ದರೆ ಗುಜರಿಗೆ ಹಾಕಿ. ಅದನ್ನು ಸೆಕೆಂಡ್‌ಹ್ಯಾಂಡ್ ಅಂತ ಇನ್ನೊಬ್ಬರಿಗೆ ಮಾರಬೇಡಿ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, ಆಮ್ಲಜನಕ ಕಡಿಮೆಯಾದರೆ ಆರುವ ವ್ಯವಸ್ಥೆ ಇದೆಯೇ ಅಂತ ಕೇಳಿ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಬ್ಬಿಗೆ ಕೈ ಹಾಕಬೇಡಿ.

ಬರೀ ನಮ್ಮ ತಪ್ಪಲ್ಲ

ಇಷ್ಟೆಲ್ಲ ಹೇಳಿ ಜವಾಬ್ದಾರಿಯನ್ನು ಮನೆಯವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಗೀಸರ್ ಜತೆ ಬರುವ ಕೈಪಿಡಿಯಲ್ಲಿ ಗಾಳಿಯಾಡುವ ಜಾಗದಲ್ಲಿ ಹಾಕಿ ಅಂತ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ, ಬಹಳ ಸಲ ಇಂಗ್ಲಿಷಿನಲ್ಲಿ. ಮಾರುವವರು ಗ್ಯಾರಂಟಿ ಕಾರ್ಡಿಗೆ ಸೀಲು ಹೊಡೆದು ಕೊಟ್ಟರೆ ಅವರ ಕೆಲಸ ಮುಗಿಯಿತು. ಕೂರಿಸಲು ಬಂದ ಹುಡುಗನಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಮನೆ ಕಟ್ಟಿದ ಮೇಸ್ತ್ರಿ ಬಾತ್‌ರೂಮಿಗೆ ಎಷ್ಟು ಗಾಳಿ ಬೇಕು ಅಂತ ಯೋಚಿಸಿಲ್ಲ.

ಅಮೆರಿಕ, ಕೆನಡಾದಂಥ ಚಳಿ ದೇಶಗಳಲ್ಲಿ ಇಡೀ ಮನೆಯನ್ನು ಬಿಸಿ ಮಾಡಲು ಗ್ಯಾಸ್ ಫರ್ನೇಸ್ ಇರುತ್ತದೆ. ಅದೂ ನಮ್ಮ ಗೀಸರ್‌ನ ಅಣ್ಣನೇ. ಹಳೆಯದಾದರೆ ಅದೂ ಹೊತ್ತಿಕೊಳ್ಳದೆ ಕಾಡುತ್ತದೆ. ಆದರೆ ಅದರ ಹೊಗೆ ಕೋಣೆಯೊಳಗೆ ಉಳಿಯುವುದಿಲ್ಲ, ಪೈಪಿನಲ್ಲಿ ಮನೆಯಿಂದಾಚೆ ಹೋಗುತ್ತದೆ. ಆ ದಾರಿ ಕಟ್ಟಿಕೊಂಡಿದ್ದರೆ ಈಗಿನ ಫರ್ನೇಸ್‌ಗಳು ಹೊತ್ತಿಕೊಳ್ಳುವುದೇ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮನೆಗಳಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಬೇಕೆಂಬ ಕಾನೂನೂ ಇದೆ. ಸೆಲ್ ಮೇಲೆ ಓಡುವ ಆ ಅಲಾರಂ ಈಗ ಇಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ನಮ್ಮ ಊರಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೇವೆ?

ಹಾಗಾಗಿ ನಮ್ಮ ಬೇಡಿಕೆಗಳು ಇವು. ಮನೆಗೆ ಬಂದು ಒಲೆ, ಪೈಪು ನೋಡುವ ಗ್ಯಾಸ್ ಏಜೆನ್ಸಿಯವರು ಬಾತ್‌ರೂಮಿನ ಗೀಸರನ್ನೂ ನೋಡಬೇಕು, ಒಳಗಿದ್ದರೆ ಹೊರಗೆ ಹಾಕಿ ಅಂತ ಹೇಳಬೇಕು. ಗೀಸರ್ ಮಾರುವ ಪ್ರತಿ ಡಬ್ಬಿಯ ಮೇಲೆ "ಮುಚ್ಚಿದ ಬಾತ್‌ರೂಮಿನಲ್ಲಿ ಹಾಕಬೇಡಿ" ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಇರಬೇಕು. ಐಟಿಐಗಳಲ್ಲಿ ಪ್ಲಂಬಿಂಗ್ ಕಲಿಯುವ ಹುಡುಗರಿಗೆ ಗ್ಯಾಸ್ ಗೀಸರ್ ಕೂರಿಸುವುದನ್ನೂ ರಿಪೇರಿಯನ್ನೂ ಕಲಿಸಬೇಕು. ಊರಿಗೊಬ್ಬ ಕಲಿತ ಮೆಕ್ಯಾನಿಕ್ ಇದ್ದರೆ ಯಾರೂ ಬೆಂಕಿಪೊಟ್ಟಣ ಹಿಡಿಯುವುದಿಲ್ಲ. ಪಂಚಾಯಿತಿಯ ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಹತ್ತು ನಿಮಿಷ ಈ ಮಾತಾಡಿದರೆ ಖರ್ಚೇನೂ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಹಳೇ ಚಾಳಿ. ಈ ಒಂದು ವಿಷಯದಲ್ಲಾದರೂ ಬಾವಿಯನ್ನು ಮೊದಲೇ ತೋಡೋಣ.

ಇದನ್ನು ಓದಿದವರು ಒಂದು ಕೆಲಸ ಮಾಡಿ. ಈಗಲೇ ಎದ್ದು ಹೋಗಿ ನಿಮ್ಮ ಮನೆಯ ಗೀಸರ್ ನೋಡಿ. ಗೋಡೆ ಕಪ್ಪಾಗಿದೆಯೇ, ಬೆಂಕಿ ಯಾವ ಬಣ್ಣ, ವೆಂಟಿಲೇಟರ್ ತೆರೆದಿದೆಯೇ, ಪೈಪ್ ಹಾಕಿ ಎಷ್ಟು ವರ್ಷವಾಯಿತು. ನೋಡಲು ಐದು ನಿಮಿಷ ಸಾಕು. ಆಮೇಲೆ ಇದನ್ನು ನಿಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ. ಪಟ್ಟಣದಲ್ಲಿ ಬಾಡಿಗೆ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳಿಗೆ ತಪ್ಪದೆ ಕಳಿಸಿ. ಅಂಥ ರೂಮುಗಳ ಸಣ್ಣ ಬಾತ್‌ರೂಮಿನಲ್ಲೂ ಇದೇ ಡಬ್ಬಿ ನೇತಾಡುತ್ತಿರುತ್ತದೆ.